ಎದೆನೋವಿನ ಚೀಟಿಯಲ್ಲಿ ಕೆಲವು ಸಾಲು ಸೇರಿಸಿ: ಆರೋಗ್ಯ ಸಚಿವರಿಗೆ ದಾವಣಗೆರೆಯಿಂದ ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಪ್ರತಿ: ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ

ವಿಷಯ: ಎದೆನೋವೆಂದು ಬಂದವರಲ್ಲಿ ಅಯೋರ್ಟಾ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಸೀಳಿರುವುದನ್ನು ಬೇಗ ಗುರುತಿಸಿ, ತಡಮಾಡದೆ ಸರಿಯಾದ ಸ್ಕ್ಯಾನ್ ಮಾಡಿಸುವ ಬಗ್ಗೆ.

ಮಾನ್ಯರೇ,

ನಾನು ದಾವಣಗೆರೆಯಲ್ಲಿ ಸಿ.ಟಿ. ಸ್ಕ್ಯಾನ್ ಟೆಕ್ನಿಷಿಯನ್. 13 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಅದರಲ್ಲಿ ಅರ್ಧದಷ್ಟು ರಾತ್ರಿ ಪಾಳಿ. ಕಳೆದ ನವೆಂಬರಿನಲ್ಲಿ ನನ್ನ ಅಕ್ಕನ ಗಂಡ ತೀರಿಕೊಂಡರು. ಅವರಿಗೆ 52 ವರ್ಷ. ಅವರಿಗೆ ಬಂದ ಕಾಯಿಲೆಯನ್ನು ಪತ್ತೆ ಹಚ್ಚುವ ಯಂತ್ರದ ಪಕ್ಕದಲ್ಲೇ ನಾನು ದಿನಾ ಕೂತಿರುತ್ತೇನೆ. ಆದರೂ ಅವರಿಗೆ ಆ ಸ್ಕ್ಯಾನ್ ಆಗಲು 22 ಗಂಟೆ ಹಿಡಿಯಿತು. ಆ 22 ಗಂಟೆಯಲ್ಲಿ ಏನೇನಾಯಿತು ಅಂತ ನಿಮಗೆ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಯಾವ ಆಸ್ಪತ್ರೆಯ ಹೆಸರನ್ನೂ ನಾನು ಬರೆಯುವುದಿಲ್ಲ. ಯಾವ ಡಾಕ್ಟರ ಹೆಸರನ್ನೂ ಬರೆಯುವುದಿಲ್ಲ. ಒಬ್ಬರಿಗೆ ನೋಟಿಸ್ ಕೊಟ್ಟು ಕೈತೊಳೆದುಕೊಂಡರೆ ಮುಂದಿನ ರೋಗಿಗೆ ಏನೂ ಸಿಗುವುದಿಲ್ಲ. ಅದೂ ಅಲ್ಲದೆ, ಆ ದಿನ ತಪ್ಪಿದವರಲ್ಲಿ ನಾನೂ ಒಬ್ಬಳು. ಅದನ್ನೂ ಇಲ್ಲಿಯೇ ಬರೆದಿದ್ದೇನೆ.

ಭಾವನಿಗೆ ಐದು ಎಕರೆ ಮೆಕ್ಕೆಜೋಳ. ಬಿಪಿ ಇತ್ತು. ಮಾತ್ರೆ ಆರು ತಿಂಗಳು ತಗೊಂಡು, ಈಗ ಆರಾಮಾಗಿದ್ದೇನೆ ಅಂತ ಬಿಟ್ಟಿದ್ದರು. ಆ ದಿನ ಬೆಳಿಗ್ಗೆ 11ರ ಸುಮಾರಿಗೆ ಕಣದಲ್ಲಿ ಜೋಳದ ಚೀಲ ಎತ್ತಿ ಟ್ರ್ಯಾಕ್ಟರಿಗೆ ಹಾಕುತ್ತಿದ್ದರು. ಚೀಲ ಕೈಯಲ್ಲಿದ್ದ ಹಾಗೇ ಎದೆಯಲ್ಲಿ ನೋವು ಬಂತು. ನೆಲಕ್ಕೆ ಕೂತುಬಿಟ್ಟರು. "ಕುಡುಗೋಲು ಹಾಕಿ ಒಳಗಿಂದ ಎಳೆದಂಗಾತು" ಅಂದರಂತೆ. ಸ್ವಲ್ಪ ಹೊತ್ತಿಗೆ ನೋವು ಎದೆಯಿಂದ ಬೆನ್ನಿನ ನಡುವಿಗೆ ಹೋಯಿತು. ಅಲ್ಲಿಂದ ಸೊಂಟಕ್ಕೆ ಇಳಿಯಿತು. ಮೈಯೆಲ್ಲ ಬೆವರು.

ಮೊದಲ ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ನಾರ್ಮಲ್. ಎಡಗೈಯಲ್ಲಿ ಬಿಪಿ ನೋಡಿದರು. 110ಕ್ಕೆ 70. ಬಿಪಿ ಚೆನ್ನಾಗಿದೆ ಅಂದರು. "ಯಜಮಾನ್ರೇ, ನಿನ್ನೆ ಮಿರ್ಚಿ ಮಂಡಕ್ಕಿ ಏನಾದ್ರೂ ತಿಂದ್ರಾ?" ಅಂತ ಕೇಳಿದರು. ನಮ್ಮ ಕಡೆ ಮಿರ್ಚಿ ಮಂಡಕ್ಕಿ ತಿನ್ನದವರು ಯಾರಿದ್ದಾರೆ? ಹಿಂದಿನ ಸಂಜೆ ಸಂತೆಯಲ್ಲಿ ತಿಂದಿದ್ದರು. ಗ್ಯಾಸ್ ಅಂತ ಒಂದು ಇಂಜೆಕ್ಷನ್ ಕೊಟ್ಟು, ನೋವಿಗೆ ಇನ್ನೊಂದು ಕೊಟ್ಟು, ಮಧ್ಯಾಹ್ನ ಮನೆಗೆ ಕಳಿಸಿದರು.

ಅಲ್ಲಿಂದಲೇ ಅಕ್ಕ ನನಗೆ ಫೋನ್ ಮಾಡಿದಳು. ಇಸಿಜಿ ನಾರ್ಮಲ್ ಬಂದಿದೆಯಂತೆ, ಗ್ಯಾಸ್ ಅಂತೆ ಅಂದಳು. ನಾನು ರಾತ್ರಿ ಪಾಳಿ ಮುಗಿಸಿ ಮಲಗಿದ್ದೆ. "ಸರಿ ಬಿಡು, ಹಗುರಾಗಿ ಊಟ ಮಾಡಿಸು" ಅಂದೆ. ನೋವು ಹೇಗೆ ಶುರುವಾಯಿತು ಅಂತ ನಾನು ಕೇಳಲಿಲ್ಲ. ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಕೇಳಲಿಲ್ಲ. ಈ ಕಾಯಿಲೆಯ ಚಿತ್ರವನ್ನು ನನ್ನ ಸ್ಕ್ರೀನಿನ ಮೇಲೆ ಎಷ್ಟೋ ಸಲ ನೋಡಿದವಳು ನಾನು. ಆದರೂ ಆ ಎರಡು ಪ್ರಶ್ನೆ ನನ್ನ ಬಾಯಿಗೆ ಬರಲಿಲ್ಲ.

ರಾತ್ರಿ ಮತ್ತೆ ನೋವು ಬಂತು. ಎಡಗಾಲು ಜುಮ್ ಅನ್ನುತ್ತದೆ, ನಡೆದರೆ ಎಳೆಯುತ್ತದೆ ಅಂದರು. ದಾವಣಗೆರೆಗೆ ಕರೆತಂದರು. ಎರಡನೇ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಲ್ಲಿ ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಶ) ಸ್ವಲ್ಪ ಜಾಸ್ತಿ ಬಂತು. ಸಣ್ಣ ಹಾರ್ಟ್ ಅಟ್ಯಾಕ್ ಇರಬಹುದು ಅಂತ ರಕ್ತ ತೆಳುವಾಗುವ ಮಾತ್ರೆ ಮತ್ತು ಅದೇ ಕೆಲಸದ ಹೆಪಾರಿನ್ ಇಂಜೆಕ್ಷನ್ ಶುರು ಮಾಡಿದರು. ಉಸಿರಾಟ ಜೋರಾಗಿದೆ ಅಂತ ಒಂದು ಸ್ಕ್ಯಾನಿಗೂ ಬರೆದರು. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಇರುವುದು "ಸಿ.ಟಿ. ಚೆಸ್ಟ್, ಪ್ಲೇನ್" ಅಷ್ಟೇ.

ಸ್ವಾಮಿ, ಇಲ್ಲಿ ಸ್ವಲ್ಪ ನಿಲ್ಲಿ. ಪ್ಲೇನ್ ಅಂದರೆ ಡೈ (ರಕ್ತನಾಳ ಎದ್ದು ಕಾಣಲು ರಕ್ತಕ್ಕೆ ಸೇರಿಸುವ ಔಷಧಿ) ಹಾಕದೆ ತೆಗೆಯುವ ಸ್ಕ್ಯಾನ್. ಶ್ವಾಸಕೋಶ ನೋಡಲು ಅದು ಸಾಕು. ಆದರೆ ಡೈ ಇಲ್ಲದಿದ್ದರೆ ರಕ್ತನಾಳದ ಒಳಗಿನ ರಕ್ತ ಮತ್ತು ಸೀಳಿದ ಪದರ ಎರಡೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣದಲ್ಲಿ ಕಾಣುತ್ತವೆ. ಸೀಳು ಅಲ್ಲೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಕೋವಿಡ್ ಬಂದ ಮೇಲೆ ಉಸಿರಾಟದ ತೊಂದರೆ ಅಂದರೆ ಪ್ಲೇನ್ ಚೆಸ್ಟ್ ಬರೆಯುವುದು ಕೈಗೆ ರೂಢಿಯಾಗಿಬಿಟ್ಟಿದೆ. ಚೀಟಿಯಲ್ಲಿ ಏನು ಬರೆದಿದೆಯೋ ಟೆಕ್ನಿಷಿಯನ್ ಅದನ್ನೇ ಮಾಡುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೇನೆ. ಪ್ಲೇನ್ ಅಂತ ಬರೆದಿದ್ದಾರೆ, ನನಗ್ಯಾಕೆ ಅಂತ ಸುಮ್ನೆ ಮಾಡಿ ಕಳಿಸಿದ್ದೇನೆ. ಅವರಲ್ಲಿ ಎಷ್ಟು ಜನರಿಗೆ ಬೇರೆ ಸ್ಕ್ಯಾನ್ ಬೇಕಿತ್ತೋ ಅಂತ ಈಗ ರಾತ್ರಿ ಹೊತ್ತು ಯೋಚನೆ ಬರುತ್ತದೆ.

ಬೆಳಗಿನ ಜಾವ 4 ಗಂಟೆಗೆ ಅಕ್ಕನ ಫೋನ್ ಬಂತು. "ಕಾಲು ತಣ್ಣಗಾಗೈತಿ ಕಣೆ, ಮಂಜುಗಡ್ಡೆ ಮುಟ್ಟಿದಂಗೆ" ಅಂದಳು. ನಾನು ಆಗ ಡ್ಯೂಟಿಯಲ್ಲಿದ್ದೆ. ಜೊತೆಯವರಿಗೆ ಹೇಳಿ ಓಡಿದೆ. ಬಲಗೈಯಲ್ಲಿ ಬಿಪಿ ನೋಡಿ ಅಂತ ಸಿಸ್ಟರನ್ನು ಬೇಡಿಕೊಂಡೆ. ಬಲಗೈಯಲ್ಲಿ 178, ಎಡಗೈಯಲ್ಲಿ 108. ಮೊದಲ ಆಸ್ಪತ್ರೆಯವರು ಚೆನ್ನಾಗಿದೆ ಅಂದಿದ್ದ ಬಿಪಿ, ರಕ್ತ ಸರಿಯಾಗಿ ಹೋಗದೆ ಇದ್ದ ತೋಳಿನ ಬಿಪಿ. ರಾತ್ರಿ ತೆಗೆದ ಪ್ಲೇನ್ ಸ್ಕ್ಯಾನನ್ನು ಕಂಪ್ಯೂಟರಿನಲ್ಲಿ ನೋಡಿದೆ. ಅಯೋರ್ಟಾದ ಗೋಡೆಯ ಅಂಚಿನಲ್ಲಿ ಇರಬೇಕಾದ ಕ್ಯಾಲ್ಸಿಯಂ ಚುಕ್ಕೆ ಒಳಗಡೆ ಸರಿದಿತ್ತು. ಗೊತ್ತಿದ್ದು ಹುಡುಕಿದವರಿಗೆ ಮಾತ್ರ ಅದು ಕಾಣುತ್ತದೆ.

ಡೈ ಹಾಕಿ ಆಂಜಿಯೋ, ಅಂದರೆ ರಕ್ತನಾಳದ ಸ್ಕ್ಯಾನ್, ಮಾಡೋಣ ಅಂದೆ. ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಗ್ಗಿದರೆ ರಕ್ತದಲ್ಲಿ ಏರುವ ಅಂಶ) 1.7 ಇದೆ, ಡೈ ಕೊಟ್ಟರೆ ಕಿಡ್ನಿಗೆ ತೊಂದರೆ, ಇನ್ನೊಮ್ಮೆ ಪರೀಕ್ಷೆ ಮಾಡಿ ನೋಡೋಣ ಅಂದರು. ಸ್ಕ್ಯಾನ್ ನೋಡಿ ರಿಪೋರ್ಟ್ ಕೊಡುವ ಡಾಕ್ಟರು, ಅಂದರೆ ರೇಡಿಯಾಲಜಿಸ್ಟ್, ಫೋನ್ ಎತ್ತಿದ್ದು 7 ಗಂಟೆಗೆ. ಡೈ ಬಾಟಲಿ ಇಟ್ಟಿದ್ದ ಬೀರುವಿನ ಬೀಗದ ಕೈ ಬೆಳಗಿನ ಪಾಳಿಯವರ ಹತ್ತಿರ. ಕೊನೆಗೆ ಸ್ಕ್ಯಾನ್ ಆಗಿದ್ದು 8.40ಕ್ಕೆ. ಹೃದಯದ ಕವಾಟದ ಸ್ವಲ್ಪ ಮೇಲಿಂದ ಶುರುವಾದ ಸೀಳು ಎಡ ತೊಡೆಸಂದಿಯವರೆಗೂ ಹೋಗಿತ್ತು. ಎಡಗಡೆ ಕಿಡ್ನಿಗೆ ರಕ್ತವೇ ಹೋಗುತ್ತಿರಲಿಲ್ಲ. ಯಾವ ಕ್ರಿಯಾಟಿನಿನ್ ಇಳಿಯಲಿ ಅಂತ ನಾವು ಕಾಯುತ್ತಿದ್ದೆವೋ, ಅದು ಏರಿದ್ದೇ ಆ ಸೀಳಿನಿಂದ.

ನಾವು ಫೋನ್ ಮಾಡಿದ ಕಡೆ ಈ ಆಪರೇಷನ್ ಮಾಡುವ ತಂಡ ಈಗ ಇಲ್ಲ, ಬೆಂಗಳೂರಿಗೆ ಹೋಗಿ ಅಂದರು. 10 ಗಂಟೆ ದಾಟಿದ ಮೇಲೆ ಆಂಬುಲೆನ್ಸ್ ಹೊರಟಿತು. ಹಿರಿಯೂರು ದಾಟಿ ಸಿರಾ ಇನ್ನೂ ಬಂದಿರಲಿಲ್ಲ. ವಾಣಿವಿಲಾಸ ಸಾಗರದ ಬೋರ್ಡ್ ನೋಡಿ ಭಾವ, ಮದುವೆಯಾದ ಹೊಸದರಲ್ಲಿ ಇಲ್ಲಿಗೆ ಬಂದಿದ್ದೆವಲ್ಲ ಅಂದರಂತೆ ಅಕ್ಕನಿಗೆ. ಅದಾಗಿ ಅರ್ಧ ಗಂಟೆಗೆ ಹೋಗಿಬಿಟ್ಟರು.

ಕಾಯಿಲೆ ಏನು ಅಂತ ಅಕ್ಕ ತಿಥಿಯ ದಿನ ಕೇಳಿದಳು. ಅವಳಿಗೆ ಹೇಳಿದ ಹಾಗೇ ಇಲ್ಲೂ ಹೇಳುತ್ತೇನೆ. ಹೃದಯದಿಂದ ಹೊರಟು ಇಡೀ ಮೈಗೆ ರಕ್ತ ಕೊಡುವ ದೊಡ್ಡ ನಾಳವೇ ಅಯೋರ್ಟಾ. ನಮ್ಮ ಭದ್ರಾ ನಾಲೆ ಇದ್ದ ಹಾಗೆ. ನಾಲೆಗೆ ಕಾಂಕ್ರೀಟ್ ಲೈನಿಂಗ್ ಇರುತ್ತದಲ್ಲ, ಅಯೋರ್ಟಾದ ಗೋಡೆಗೂ ಹಾಗೆ ಮೂರು ಪದರ ಇವೆ. ಒಳ ಪದರ ಬಿರುಕು ಬಿಟ್ಟರೆ ಒತ್ತಡದಲ್ಲಿರುವ ರಕ್ತ ಲೈನಿಂಗಿನ ಹಿಂದೆ ನುಗ್ಗುತ್ತದೆ. ಪದರವನ್ನು ಎಬ್ಬಿಸಿಕೊಂಡು ಕೆಳಗೆ ಕೆಳಗೆ ಹೋಗುತ್ತದೆ. ಎಬ್ಬಿಸಿದ ಲೈನಿಂಗ್ ಉಪನಾಲೆಯ ತೂಬಿಗೆ ಅಡ್ಡ ಬಂದರೆ ಆ ಕಡೆ ಗದ್ದೆಗೆ ನೀರಿಲ್ಲ. ಭಾವನ ಎಡತೋಳು, ಎಡ ಕಿಡ್ನಿ, ಎಡಗಾಲಿಗೆ ಆಗಿದ್ದು ಇದೇ. ಹೊರ ಏರಿಯೇ ಒಡೆದರೆ ಮುಗಿಯಿತು. ಇದಕ್ಕೆ ಡಿಸೆಕ್ಷನ್ ಅನ್ನುತ್ತಾರೆ. ಇದರ ಜೊತೆಗೆ ಇನ್ನೆರಡು ಬಗೆ ಇವೆ. ಒಂದರಲ್ಲಿ ಬಿರುಕು ಕಾಣದೆ ಗೋಡೆಯ ಒಳಗೇ ರಕ್ತ ಹೆಪ್ಪುಗಟ್ಟುತ್ತದೆ. ಇನ್ನೊಂದರಲ್ಲಿ ಕೊಬ್ಬು ಕಟ್ಟಿದ ಜಾಗದಲ್ಲಿ ಹುಣ್ಣಾಗಿ ಗೋಡೆಯನ್ನು ಕೊರೆಯುತ್ತದೆ. ಮೂರೂ ಸೇರಿಸಿ ಡಾಕ್ಟರು ಅಕ್ಯೂಟ್ ಅಯೋರ್ಟಿಕ್ ಸಿಂಡ್ರೋಮ್ ಅನ್ನುತ್ತಾರೆ.

ಹೃದಯದ ಹತ್ತಿರದ, ಮೇಲೆ ಏರುವ ಭಾಗ ಸೀಳಿದರೆ ಅದು ಎ ಬಗೆ. ಕೂಡಲೇ ಆಪರೇಷನ್ ಬೇಕು. ಮೊದಲ ಎರಡು ದಿನ ಚಿಕಿತ್ಸೆ ಸಿಗದಿದ್ದರೆ ಗಂಟೆಗೆ ನೂರರಲ್ಲಿ ಒಬ್ಬಿಬ್ಬರು ಸಾಯುತ್ತಾರೆ ಎಂದು ಹಳೆಯ ಪುಸ್ತಕಗಳಲ್ಲಿದೆ. ಹೊಸ ಲೆಕ್ಕದಲ್ಲಿ ಗಂಟೆಗೆ ಅರ್ಧ ಶೇಕಡ. ಕಡಿಮೆ ಲೆಕ್ಕವನ್ನೇ ಹಿಡಿದರೂ 22 ಗಂಟೆ ಸಣ್ಣದಲ್ಲ. ಆ ಭಾಗ ಸೀಳದಿದ್ದರೆ ಬಿ ಬಗೆ. ಅದಕ್ಕೆ ಬಹಳ ಸಲ ಬಿಪಿ ಇಳಿಸುವ ಔಷಧಿಯೇ ಸಾಕಾಗುತ್ತದೆ, ಕೆಲವರಿಗೆ ಸ್ಟೆಂಟ್ ಬೇಕಾಗುತ್ತದೆ. ಈ ಆಪರೇಷನ್ನಿಗೆ ದಾರಿ ಮಾಡಿಕೊಟ್ಟ ಅಮೆರಿಕದ ಸರ್ಜನ್ ಮೈಕೆಲ್ ಡಿಬೇಕಿ ಅವರಿಗೇ 97ನೇ ವಯಸ್ಸಿನಲ್ಲಿ ಇದೇ ಕಾಯಿಲೆ ಬಂತು. 2006ರಲ್ಲಿ ಆಪರೇಷನ್ ಆಗಿ, 2008ರವರೆಗೆ ಬದುಕಿದ್ದರು. 97ರ ಮುದುಕರು ಉಳಿದರು. ನಮ್ಮ ಭಾವನಿಗೆ 52.

ಅಪರೂಪದ ಕಾಯಿಲೆ, ಪ್ರತಿಯೊಬ್ಬರಿಗೂ ಹುಡುಕಲು ಆಗುತ್ತಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಿದೇಶದ ಅಧ್ಯಯನಗಳು ವರ್ಷಕ್ಕೆ ಲಕ್ಷ ಜನರಲ್ಲಿ 3ರಿಂದ 5 ಮಂದಿಗೆ ಎಂದು ಅಂದಾಜು ಮಾಡುತ್ತವೆ. 2011ರ ಜನಗಣತಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16.6 ಲಕ್ಷ. ಅದೇ ಲೆಕ್ಕ ಇಲ್ಲಿಗೆ ಹಾಕಿದರೆ ಆ ಒಂದು ಜಿಲ್ಲೆಯಲ್ಲೇ ವರ್ಷಕ್ಕೆ 50ರಿಂದ 80 ಜನ ಆಗುತ್ತಾರೆ. ದಾವಣಗೆರೆಯದು ಬೇರೆ. ನನ್ನ ಸ್ಕ್ಯಾನ್ ರೂಮಿಗೆ ಎರಡೂ ಜಿಲ್ಲೆಯವರು ಬರುತ್ತಾರೆ, ಹಾವೇರಿ ಕಡೆಯವರೂ ಬರುತ್ತಾರೆ. ಆದರೂ ಅಲ್ಲಿ ನಾನು ನೋಡುವುದು ವರ್ಷಕ್ಕೆ ಮೂರೋ ನಾಲ್ಕೋ. ಬೇರೆ ಸೆಂಟರುಗಳಲ್ಲೂ ಕೆಲವು ಸಿಗುತ್ತವೆ ಅಂತ ಇಟ್ಟುಕೊಳ್ಳೋಣ. ಉಳಿದವರು ಎಲ್ಲಿ?

ಅವರು ಊರಲ್ಲೇ ಇದ್ದಾರೆ, ಸ್ವಾಮಿ. "ಎದೆನೋವು ಅಂದ, ನೀರು ಕುಡಿದ, ಹೋಗೇಬಿಟ್ಟ" ಅಂತ ಜನ ಹೇಳುವ ಮಾತಿನಲ್ಲಿ ಇದ್ದಾರೆ. ಇಂಗ್ಲೆಂಡಿನ ರಾಜ ಎರಡನೇ ಜಾರ್ಜ್ 1760ರಲ್ಲಿ ಸತ್ತಾಗ ದೇಹ ಬಿಚ್ಚಿ ನೋಡಿದ್ದರಿಂದ ಅಯೋರ್ಟಾ ಸೀಳಿದ್ದು ತಿಳಿಯಿತು. ನಮ್ಮಲ್ಲಿ ಮನೆಯಲ್ಲೇ ಸತ್ತವರಿಗೆ ಮರಣೋತ್ತರ ಪರೀಕ್ಷೆ ಯಾರು ಮಾಡಿಸುತ್ತಾರೆ? ಹಾರ್ಟ್ ಅಟ್ಯಾಕ್ ಅಂತ ಬರೆದು ಮುಗಿಸುತ್ತಾರೆ. ಲೆಕ್ಕಕ್ಕೇ ಸಿಗದ ಕಾಯಿಲೆ ಅಪರೂಪದ್ದಾಗಿಯೇ ಕಾಣುತ್ತದೆ.

ಈಗ ನಿಮ್ಮ ಹೃದಯ ಜ್ಯೋತಿ ಯೋಜನೆಯ ವಿಷಯ. ಡಾ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಆ ಯೋಜನೆ ಒಳ್ಳೆಯದು. ಮನಸಾರೆ ಹೇಳುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ತೋರಿಸಿ, ಹಾರ್ಟ್ ಅಟ್ಯಾಕ್ ಆಗಿದ್ದರೆ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವುದು ಬಡವರಿಗೆ ದೊಡ್ಡ ಉಪಕಾರ. ಆದರೆ ಅದು ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿ. ಅಯೋರ್ಟಾ ಸೀಳಿದವರಿಗೆ ಅದನ್ನು ಕೊಟ್ಟರೆ ರಕ್ತಸ್ರಾವ ತಡೆಯಲು ಮೈಗೆ ಇರುವ ದಾರಿಯೇ ಹೋಗುತ್ತದೆ. ಡಿಸೆಕ್ಷನ್ ಅನುಮಾನ ಇದ್ದರೂ ಸಾಕು, ಕೊಡಲೇಬಾರದು ಅಂತ ಹೃದ್ರೋಗ ತಜ್ಞರ ಮಾರ್ಗಸೂಚಿಯಲ್ಲೇ ಇದೆ. ಇನ್ನೊಂದು ತೊಡಕು ಏನೆಂದರೆ, ಸೀಳು ಹೃದಯದ ರಕ್ತನಾಳದ ಬಾಯಿಗೆ ಅಡ್ಡ ಬಂದರೆ ಇಸಿಜಿಯಲ್ಲಿ ನಿಜವಾದ ಹಾರ್ಟ್ ಅಟ್ಯಾಕ್ ಹಾಗೇ ಕಾಣುತ್ತದೆ. ಇಸಿಜಿ ಎಷ್ಟೇ ಚೆನ್ನಾಗಿ ಓದಿದರೂ ಆಗ ಗೊತ್ತಾಗುವುದಿಲ್ಲ. ಯೋಜನೆ ಊರೂರಿಗೆ ತಲುಪಿದ ಹಾಗೆ ಈ ಎಚ್ಚರವೂ ಅದರ ಜೊತೆಗೇ ತಲುಪಬೇಕು ಅಲ್ವಾ?

ನನ್ನ ಮೊದಲ ಮತ್ತು ದೊಡ್ಡ ಬೇಡಿಕೆ ಇದರಿಂದಲೇ ಹುಟ್ಟಿದ್ದು. ಎದೆನೋವಿಗೆ ಬರೆಯುವ ಚೀಟಿಯಲ್ಲೇ ಮೂರು ಪ್ರಶ್ನೆ ಅಚ್ಚು ಮಾಡಿಸಿ. ನೋವು ಒಮ್ಮೆಗೇ ಬಂತಾ? ಸೀಳಿದ ಹಾಗೆ, ತಡೆಯಲಾಗದಷ್ಟು ಜೋರಾಗಿತ್ತಾ? ಜಾಗ ಬದಲಿಸಿತಾ? ಅದರ ಕೆಳಗೆ ಬಲಗೈ ಬಿಪಿ, ಎಡಗೈ ಬಿಪಿ ಅಂತ ಎರಡು ಖಾನೆ. ವ್ಯತ್ಯಾಸ 20ಕ್ಕಿಂತ ಜಾಸ್ತಿ ಇದ್ದರೆ ಕೆಂಪು ಗುರುತು. ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ, ಕೈಕಾಲಿನಲ್ಲಿ ಶಕ್ತಿ ಕಡಿಮೆಯಾಗಿದೆಯಾ ಅಂತ ಇನ್ನೆರಡು ಸಾಲು. ರಕ್ತ ಕರಗಿಸುವ ಇಂಜೆಕ್ಷನ್ ಕೊಡುವ ಮೊದಲು ಈ ಚೀಟಿ ತುಂಬಿರಲೇಬೇಕು ಅಂತ ನಿಯಮ ಮಾಡಿ.

ಇಷ್ಟು ಸಣ್ಣದನ್ನು ಯಾಕೆ ಇಷ್ಟು ದೊಡ್ಡದು ಮಾಡುತ್ತೇನೆ ಅಂದರೆ, 2000ನೇ ಇಸವಿಯಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ 464 ರೋಗಿಗಳ ವಿವರ ಪ್ರಕಟಿಸಿದವು. ಅವರಲ್ಲಿ ನೂರಕ್ಕೆ 31 ಜನರ ಇಸಿಜಿ ನಾರ್ಮಲ್. 12 ಜನರ ಎದೆಯ ಎಕ್ಸ್‌ರೇ ನಾರ್ಮಲ್. ಬಿಪಿ ಕಾಯಿಲೆ ಇದ್ದವರು 72. ಆದರೆ ನೋವು ಒಮ್ಮೆಗೇ ಬಂತು ಅಂದವರು 85. ಯಂತ್ರಕ್ಕೆ ಸಿಗದೆ ಹೋದದ್ದನ್ನು ರೋಗಿಯ ಬಾಯಿಮಾತು ಹಿಡಿದುಕೊಡುತ್ತದೆ. ಎರಡೂ ತೋಳಿನ ಬಿಪಿಯಲ್ಲಿ ಎಲ್ಲರಿಗೂ ವ್ಯತ್ಯಾಸ ಸಿಗುವುದಿಲ್ಲ, ಬಹಳ ಜನರಲ್ಲಿ ಇರುವುದೇ ಇಲ್ಲ. ಅದಕ್ಕೇ ಪ್ರಶ್ನೆ ಮೊದಲು, ಬಿಪಿ ಆಮೇಲೆ. ಡಾಕ್ಟರಿಗೆ ಇದೆಲ್ಲ ಗೊತ್ತಿರುವುದೇ ಅಲ್ವಾ ಅನ್ನಬಹುದು. ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ಒಂದು ಪಾಳಿಯಲ್ಲಿ ಹತ್ತಾರು ಎದೆನೋವು ನೋಡಿದವರಿಗೆ, ನಿದ್ದೆಗಣ್ಣಿನಲ್ಲಿ ಫೋನ್ ಎತ್ತಿದವರಿಗೆ, ಗೊತ್ತಿರುವುದೆಲ್ಲ ಆ ಹೊತ್ತಿಗೆ ನೆನಪಿಗೆ ಬರುವುದಿಲ್ಲ. ಚೀಟಿಯಲ್ಲಿ ಅಚ್ಚಾಗಿದ್ದರೆ ಕೇಳಲೇಬೇಕಾಗುತ್ತದೆ.

ಅನುಮಾನ ಕಡಿಮೆ ಇದ್ದವರಿಗೆಲ್ಲ ಸ್ಕ್ಯಾನ್ ಬೇಡ. ಅವರಿಗೆ ಡಿ-ಡೈಮರ್ ಅನ್ನುವ ರಕ್ತ ಪರೀಕ್ಷೆ ಇದೆ. 2018ರಲ್ಲಿ ಪ್ರಕಟವಾದ 1,850 ರೋಗಿಗಳ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿದೆ. ಮೇಲೆ ಹೇಳಿದಂಥ ಲಕ್ಷಣಗಳಿಗೆ ಡಾಕ್ಟರು ಕೊಡುವ ಅಂಕ ಕಡಿಮೆ ಇದ್ದು, ಡಿ-ಡೈಮರ್ 500ಕ್ಕಿಂತ ಕೆಳಗಿದ್ದರೆ ಡಿಸೆಕ್ಷನ್ ಇಲ್ಲವೆಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಅನುಮಾನ ಜೋರಾಗಿದ್ದರೆ ಮಾತ್ರ ಆ ಪರೀಕ್ಷೆಗೆ ಕಾಯಬಾರದು, ನೇರ ಸ್ಕ್ಯಾನಿಗೆ ಕಳಿಸಬೇಕು. ಹಾಸಿಗೆ ಪಕ್ಕದಲ್ಲೇ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿದರೆ ಕೆಲವು ಸಲ ಪದರ ಅಲುಗಾಡುವುದು ಕಾಣುತ್ತದೆ, ಹೃದಯದ ಸುತ್ತ ರಕ್ತ ತುಂಬಿರುವುದು ಕಾಣುತ್ತದೆ. ಕಾಣದಿದ್ದರೆ ಇಲ್ಲ ಅಂತ ಅರ್ಥವಲ್ಲ.

ಎರಡನೆಯದು ನನ್ನ ರೂಮಿನ ವಿಷಯ. ಅಯೋರ್ಟಾ ಅನುಮಾನ ಅಂತ ಒಂದು ಪ್ರತ್ಯೇಕ ಸ್ಕ್ಯಾನ್ ಆದೇಶ ಎಲ್ಲ ಸಿ.ಟಿ. ಸೆಂಟರಿಗೂ ಬರಲಿ. ಅದರಲ್ಲಿ ಮೊದಲು ಪ್ಲೇನ್ ಒಂದು ಸುತ್ತು, ಯಾಕೆಂದರೆ ಗೋಡೆಯೊಳಗೆ ಹೆಪ್ಪುಗಟ್ಟಿದ ರಕ್ತ ಬೆಳ್ಳಗೆ ಅರ್ಧಚಂದ್ರದ ಹಾಗೆ ಕಾಣುವುದು ಆಗಲೇ. ಆಮೇಲೆ ಡೈ ಹಾಕಿ ಕುತ್ತಿಗೆಯಿಂದ ತೊಡೆಸಂದಿಯವರೆಗೆ. ಕ್ಯಾನುಲಾ (ಡೈ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಆದಷ್ಟು ಬಲಗೈಗೆ ಹಾಕಬೇಕು. ಎಡಗೈಗೆ ಹಾಕಿದರೆ ದಟ್ಟ ಡೈ ಎದೆಗೆ ಅಡ್ಡವಾಗಿ ಹರಿದು, ಅಯೋರ್ಟಾದ ಮೇಲೆ ಗೆರೆಗಳನ್ನು ಎಳೆದು ಚಿತ್ರ ಕೆಡಿಸುತ್ತದೆ. ಸೌಲಭ್ಯ ಇರುವ ಯಂತ್ರದಲ್ಲಿ ಇಸಿಜಿ ಗೇಟಿಂಗ್ (ಹೃದಯದ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವುದು) ಹಾಕಬೇಕು. ಹೃದಯ ಬಡಿಯುವಾಗ ಪಕ್ಕದ ಅಯೋರ್ಟಾವೂ ಅಲುಗಾಡುತ್ತದೆ, ಆ ಅಲುಗಾಟವೇ ಸೀಳಿನ ಹಾಗೆ ಕಂಡು ಮೋಸ ಮಾಡುತ್ತದೆ. ಇಷ್ಟೆಲ್ಲ ಸೇರಿ ಟೇಬಲ್ ಮೇಲೆ ಹಿಡಿಯುವುದು 10ರಿಂದ 15 ನಿಮಿಷ. ಯಂತ್ರ ತಿರುಗುವುದು ಕೆಲವೇ ಸೆಕೆಂಡು. ಚೀಟಿಯಲ್ಲಿ ಪ್ಲೇನ್ ಅಂತ ಬರೆದಿದ್ದು, ರೋಗಿ "ಬೆನ್ನು ಸೀಳಿದಂಗಾತು" ಅಂತ ಹೇಳಿದರೆ, ಟೆಕ್ನಿಷಿಯನ್ ಡಾಕ್ಟರಿಗೆ ಫೋನ್ ಮಾಡಿ ಕೇಳುವ ಅಧಿಕಾರ ಲಿಖಿತವಾಗಿ ಇರಲಿ. ಈಗ ಕೇಳಿದರೆ "ನಿಂಗೆ ಯಾಕಮ್ಮಾ ಅದೆಲ್ಲ" ಅನ್ನಿಸಿಕೊಳ್ಳಬೇಕು. ಜೀವದ ಪ್ರಶ್ನೆ ಇರುವಾಗ ಕ್ರಿಯಾಟಿನಿನ್ ರಿಪೋರ್ಟಿಗೆ ಕಾಯಬೇಕಿಲ್ಲ, ಅಡ್ವಾನ್ಸ್ ಹಣಕ್ಕೆ ಕಾಯಬೇಕಿಲ್ಲ ಅನ್ನುವುದೂ ಆ ಆದೇಶದಲ್ಲೇ ಇರಲಿ. ಡೈ ಬಾಟಲಿ ಬೀಗದಲ್ಲಿ ಇಡಬೇಡಿ ಅಂತ ಸರ್ಕಾರಕ್ಕೆ ಬರೆಯುವುದು ನಾಚಿಕೆಯ ವಿಷಯ. ಆದರೂ ಬರೆಯುತ್ತಿದ್ದೇನೆ.

ರಾತ್ರಿ ರಿಪೋರ್ಟಿಂಗ್ ಇದಕ್ಕೇ ಅಂಟಿಕೊಂಡ ಮಾತು. ಇಸಿಜಿಯನ್ನು ತಾಲ್ಲೂಕಿನಿಂದ ತಜ್ಞರಿಗೆ ಕಳಿಸುವ ವ್ಯವಸ್ಥೆಯನ್ನು ನೀವೇ ಮಾಡಿ ತೋರಿಸಿದ್ದೀರಿ. ಸ್ಕ್ಯಾನಿಗೂ ಅದೇ ಮಾಡಿ. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜು ಇವೆ, ಒಂದಂತೂ 1965ರಿಂದ ಇದೆ. ಚಿತ್ರದುರ್ಗಕ್ಕೂ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಎರಡೂ ಜಿಲ್ಲೆಗೆ ಸೇರಿ ರಾತ್ರಿ ಪಾಳಿಗೆ ಒಬ್ಬ ರೇಡಿಯಾಲಜಿಸ್ಟ್ ಸಾಕು. ಆ ಫೋನ್ ಎತ್ತುವವರು ಯಾರು ಅಂತ ಎಲ್ಲ ಆಸ್ಪತ್ರೆಗೂ ಗೊತ್ತಿರಬೇಕು.

ಮೂರನೆಯದು ರಸ್ತೆ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಈ ಆಪರೇಷನ್ ಮಾಡುವ ತಂಡ ಇವತ್ತು, ಈ ಹೊತ್ತಿಗೆ, ಎಲ್ಲಿ ತಯಾರಿದೆ ಅಂತ ಹೇಳುವ ಒಂದೇ ಒಂದು ನಂಬರ್ ಬೇಕು. ಆ ಬೆಳಿಗ್ಗೆ ನಾವು ಏಳು ಕಡೆ ಫೋನ್ ಮಾಡಿದೆವು. ಸ್ಕ್ಯಾನಿನ ಚಿತ್ರ ರೋಗಿಗಿಂತ ಮುಂಚೆ ಅಲ್ಲಿಗೆ ತಲುಪಬೇಕು. ಸಿಡಿ ಹಿಡಿದುಕೊಂಡು ಹೋಗಿ ತೋರಿಸುವ ಕಾಲ ಇದಲ್ಲ. ಇನ್ನು ಹೊರಡುವ ಮೊದಲೇ ನೋವು ಇಳಿಸಬೇಕು. ನಾಡಿಬಡಿತ ನಿಮಿಷಕ್ಕೆ 60ಕ್ಕಿಂತ ಕೆಳಗೆ, ಮೇಲಿನ ಬಿಪಿ 120ಕ್ಕಿಂತ ಕೆಳಗೆ ತರಬೇಕು. ಲ್ಯಾಬೆಟಲಾಲ್, ಎಸ್ಮೊಲಾಲ್ ಅನ್ನುವ ಇಂಜೆಕ್ಷನ್ ಇರುವುದು ಅದಕ್ಕೇ. ಬಿಪಿ ಅಳೆಯುವುದು ಜಾಸ್ತಿ ತೋರಿಸುವ ತೋಳಿನಲ್ಲಿ. ಭಾವನನ್ನು ಕರೆದೊಯ್ದ ಆಂಬುಲೆನ್ಸಿನಲ್ಲಿ ಬಿಪಿ ಪಟ್ಟಿ ಎಡತೋಳಿಗೇ ಕಟ್ಟಿದ್ದರು ಅಂತ ಅಕ್ಕ ಆಮೇಲೆ ಹೇಳಿದಳು. ದಾರಿಯುದ್ದಕ್ಕೂ ಬಿಪಿ ಸರಿಯಾಗಿದೆ ಅಂತಲೇ ಕಾಣುತ್ತಿತ್ತು.

ಬ್ರಿಟನ್ನಿನಲ್ಲಿ ಈ ಕಾಯಿಲೆ ತಡವಾಗಿ ಗೊತ್ತಾಗುವುದರ ಬಗ್ಗೆ ಸರ್ಕಾರದ ತನಿಖಾ ಸಂಸ್ಥೆಯೇ 2020ರಲ್ಲಿ ವರದಿ ಕೊಟ್ಟಿತು. 2021ರಲ್ಲಿ ಅಲ್ಲಿನ ತುರ್ತು ವೈದ್ಯರ ಕಾಲೇಜು ಮತ್ತು ರೇಡಿಯಾಲಜಿಸ್ಟರ ಕಾಲೇಜು ಕೂಡಿ ಕೂತು ಮಾರ್ಗಸೂಚಿ ಬರೆದವು. ರೋಗಿಗಳ ಮನೆಯವರು ಗಂಟಲು ಕಿತ್ತುಕೊಂಡು ಕೇಳಿದ್ದಕ್ಕೆ ಇದೂ ಒಂದು ಫಲ. ನಮ್ಮಲ್ಲೂ ತಡವಾಗಿ ಗೊತ್ತಾದ ಪ್ರತಿ ಪ್ರಕರಣವನ್ನು ಜಿಲ್ಲಾ ಮಟ್ಟದಲ್ಲಿ ಕೂತು ನೋಡಲಿ. ತಾಯಂದಿರ ಸಾವಿಗೆ ಹೀಗೆ ಪರಿಶೀಲನೆ ಮಾಡುತ್ತೀರಲ್ಲ, ಹಾಗೇ. ಭಾವನ ಪ್ರಕರಣದಿಂದಲೇ ಶುರು ಮಾಡಬಹುದು. ಕಾಗದ ಎಲ್ಲ ಕೊಡುತ್ತೇವೆ.

ಒಂದು ಮಾತು ಓದುವ ಜನರಿಗೂ. ಬಿಪಿ ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಎದೆನೋವು ಅಂತ ಆಸ್ಪತ್ರೆಗೆ ಹೋದಾಗ ಬರೀ "ನೋವು" ಅನ್ನಬೇಡಿ. ಹೇಗೆ ಶುರುವಾಯಿತು, ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಪೂರ್ತಿ ಹೇಳಿ. ಮನೆಯಲ್ಲಿ ಒಬ್ಬರಿಗೆ ಇದು ಬಂದಿದ್ದರೆ ಮಕ್ಕಳು, ಒಡಹುಟ್ಟಿದವರು ಒಮ್ಮೆ ಎಕೋ ಮಾಡಿಸಿಕೊಳ್ಳಬೇಕು. ತುಂಬಾ ಎತ್ತರ, ಉದ್ದ ಬೆರಳು ಕಾಣುವ ಮಾರ್ಫನ್ ಅನ್ನುವ ಹುಟ್ಟು ಕಾಯಿಲೆ ಇರುವವರಂತೂ ತಪ್ಪದೆ. ಅಕ್ಕನ ಮಗನಿಗೆ ಮಾಡಿಸಿದೆವು. ಸದ್ಯಕ್ಕೆ ಸರಿಯಾಗಿದೆ. ಅವನ ಎರಡೂ ತೋಳಿನ ಬಿಪಿ ಅಕ್ಕ ಈಗ ವಾರಕ್ಕೊಮ್ಮೆ ತಾನೇ ನೋಡುತ್ತಾಳೆ. ಅಷ್ಟು ಸಲ ಬೇಕಿಲ್ಲ ಅಂದೆ, ಕೇಳುವುದಿಲ್ಲ.

ಮಾನ್ಯರೇ, ಮೇಲೆ ಹೇಳಿದ ಎದೆನೋವಿನ ಚೀಟಿಯ ಮಾದರಿಯನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಬರುವ ಹಾಗೆ ಬರೆದಿದ್ದೇನೆ. ನಮ್ಮ ಇಬ್ಬರು ಡಾಕ್ಟರು ಅದನ್ನು ನೋಡಿ ತಿದ್ದಿ ಕೊಟ್ಟಿದ್ದಾರೆ. ಈ ಪತ್ರದ ಜೊತೆ ಅಂಚೆಯಲ್ಲಿ ನಿಮ್ಮ ಕಚೇರಿಗೂ, ಎರಡೂ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೂ ಕಳಿಸಿದ್ದೇನೆ. ಸರಿ ಕಂಡರೆ ಹಾಗೇ ಅಚ್ಚು ಮಾಡಿಸಿ, ತಪ್ಪಿದ್ದರೆ ತಿದ್ದಿಸಿ. ಎರಡೂ ಜಿಲ್ಲೆಯ ಯಾವ ತಾಲ್ಲೂಕು ಆಸ್ಪತ್ರೆಯಲ್ಲಾದರೂ ಸಿಬ್ಬಂದಿಗೆ ಈ ಸ್ಕ್ಯಾನಿನ ಚಿತ್ರಗಳನ್ನು ತೋರಿಸಿ ವಿವರಿಸಲು ನನ್ನ ರಜೆಯ ದಿನ ಸ್ವಂತ ಖರ್ಚಿನಲ್ಲಿ ಬರುತ್ತೇನೆ. ಭಾವನ ಚಿತ್ರಗಳನ್ನೂ ತೋರಿಸಬಹುದು ಅಂತ ಅಕ್ಕ ಒಪ್ಪಿದ್ದಾಳೆ. ನಿಮ್ಮ ಉತ್ತರಕ್ಕೆ ಇಬ್ಬರೂ ಕಾಯುತ್ತಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಿ.ಟಿ. ಟೆಕ್ನಿಷಿಯನ್,
ದಾವಣಗೆರೆ